ಹುಳಕ್ಕೆ ಸೊಪ್ಪು, ಮಗುವಿಗೆ ಔಷಧಿ

ಸೀಸೆಯಲ್ಲಿ ಅರ್ಧ ಔಷಧಿ ಹಾಗೇ ಇತ್ತು. ತಾಯಿಯ ಹೆಗಲ ಮೇಲೆ ಮಗು ಏದುಸಿರು ಬಿಡುತ್ತಿತ್ತು. ಐವತ್ತರ ದಶಕದ ಕೊನೆ. ಶಿಡ್ಲಘಟ್ಟದ ದವಾಖಾನೆಯೊಂದರಲ್ಲಿ ನಾನಾಗ ಹೊಸ ಕಾಂಪೌಂಡರ್.

"ಯಾಕಮ್ಮ ಕುಡಿಸ್ಲಿಲ್ಲ?" ಎಂದು ರೇಗಿದೆ.

"ನೀವು ಹೇಳ್ದಂಗೇ ಮಾಡಿದೀನಿ ಸಾಮಿ. ನಿನ್ನೆಯಿಂದ ಹುಳ ಜ್ವರಕ್ಕೆ ಕೂತವೆ. ಸೊಪ್ಪು ಹಾಕ್ಲಿಲ್ಲ, ಔಷಧೀನೂ ಹಾಕ್ಲಿಲ್ಲ."

ತಪ್ಪು ನನ್ನದೇ. ಡಾಕ್ಟರು ಚೀಟಿಯಲ್ಲಿ ಟಿ.ಡಿ.ಎಸ್. ಎಂದು ಬರೆದಿದ್ದರು, ಅಂದರೆ ದಿನಕ್ಕೆ ಮೂರು ಸಲ. ಆಕೆ ರೇಷ್ಮೆಹುಳ ಸಾಕುವವಳು, ದಿನಕ್ಕೆ ಮೂರು ಹೊತ್ತು ಸೊಪ್ಪು ಹಾಕುತ್ತಾಳೆಂದು ತಿಳಿದು, "ಹುಳಕ್ಕೆ ಸೊಪ್ಪು ಹಾಕ್ದಾಗೆಲ್ಲ ಮಗೀಗೆ ಒಂದು ಗುಟುಕು ಕೊಡಮ್ಮ" ಎಂದು ಜಾಣತನ ತೋರಿಸಿದ್ದೆ. ಪೊರೆ ಬಿಡುವ ಮುಂಚೆ ಹುಳ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ, ಅದನ್ನೇ ಜ್ವರ ಎನ್ನುತ್ತಾರೆ ಎಂಬುದು ಪಟ್ಟಣದಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ. ಡಾಕ್ಟರು ಮಗುವನ್ನು ಎರಡು ದಿನ ಅಲ್ಲೇ ಇಟ್ಟುಕೊಂಡು ಉಳಿಸಿದರು.

ಆಮೇಲೆ ಟಿ.ಡಿ.ಎಸ್. ಕಂಡಾಗಲೆಲ್ಲ, "ಊಟ ಆದ್ಮೇಲೆ ತಗೊಳ್ಳಿ" ಎನ್ನುವ ಮೊದಲು "ದಿನಕ್ಕೆಷ್ಟು ಸಲ ಉಣ್ತೀರಮ್ಮ?" ಎಂದು ಕೇಳುವುದು ರೂಢಿಯಾಯಿತು. ಮೂರು ಸಲ ಅಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.