ಉಳಿದ ಹನ್ನೊಂದು ಅಚ್ಚು ಬೆಲ್ಲ

ಹನ್ನೊಂದು ಕೆ.ಜಿ. ಬೆಲ್ಲ ಉಳಿಯಿತು.

ಅಂಗಡಿಯಲ್ಲಿ ಅಲ್ಲ, ದೇವಸ್ಥಾನದಲ್ಲಿ. ಹೋದ ವಾರ ನನ್ನ ತುಲಾಭಾರ. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು ಕಾಲು ಮಡಚಿ, ಕಣ್ಣು ಮುಚ್ಚಿ ಕೂತಿದ್ದೆ. ಇನ್ನೊಂದು ತಟ್ಟೆಗೆ ಒಂದೊಂದು ಕೆ.ಜಿ.ಯ ಬೆಲ್ಲದ ಅಚ್ಚು ಬೀಳುತ್ತಿತ್ತು. ನನ್ನ ತಟ್ಟೆ ನೆಲ ಬಿಟ್ಟು ಎದ್ದಾಗ ಭಟ್ರು "ಸಾಕು" ಅಂದರು. ಕಣ್ಣು ಬಿಟ್ಟು ನೋಡಿದರೆ ಗೋಣಿಯ ಮೇಲೆ ಹನ್ನೊಂದು ಅಚ್ಚು ಹಾಗೇ ಕೂತಿವೆ.

ನನ್ನ ತೂಕ ಎಂಬತ್ತೈದು ಅಂತ ಲೆಕ್ಕ ಹಾಕಿ ತರಿಸಿದ ಬೆಲ್ಲ ಅದು. ಹನ್ನೊಂದು ಉಳಿಯಿತು ಅಂದರೆ? ನಾನು ಹನ್ನೊಂದು ಇಳಿದಿದ್ದೇನೆ. ಎಲ್ಲರಿಗೂ ಖುಷಿಯೋ ಖುಷಿ. ನನಗಂತೂ ಕಣ್ಣಲ್ಲಿ ನೀರು. ಅಮ್ಮನವರ ಎದುರೇ ಅಡ್ಡಬಿದ್ದೆ.

ಆ ಖುಷಿ ಎಷ್ಟು ಹೊತ್ತು ಇತ್ತು? ಊಟಕ್ಕೆ ಎಲೆ ಹಾಕುವವರೆಗೆ.

ಹರಕೆಯ ಕಥೆ ಮೊದಲು ಹೇಳಿಬಿಡುತ್ತೇನೆ. ನನ್ನ ಮಗಳನ್ನು ಉಪ್ಪುಂದಕ್ಕೆ ಕೊಟ್ಟದ್ದು. ಹೋದ ವರ್ಷ ಅವಳ ಹೆರಿಗೆಯ ದಿನ ಬಿ.ಪಿ. ಏರಿ, ನರ್ಸ್‌ಗಳೆಲ್ಲ ಓಡಾಡಲು ಶುರು ಮಾಡಿದಾಗ, ನಾನು ಆಸ್ಪತ್ರೆಯ ಗೋಡೆಗೆ ಹಣೆ ಇಟ್ಟು ಹೇಳಿಕೊಂಡೆ: ಅಮ್ಮಾ, ಇಬ್ಬರನ್ನೂ ಮನೆಗೆ ಕಳಿಸಿಕೊಡು, ನನ್ನ ತೂಕದಷ್ಟು ಬೆಲ್ಲ ನಿನಗೆ. ಇಬ್ಬರೂ ಬಂದರು. ಮೊಮ್ಮಗಳಿಗೆ ಈಗ ಹನ್ನೊಂದು ತಿಂಗಳು, ಕಂಡದ್ದೆಲ್ಲ ಬಾಯಿಗೆ.

ಹರಕೆ ಬಾಕಿ ಇಟ್ಟುಕೊಂಡವರಿಗೆ ನಿದ್ದೆ ಬರುತ್ತದಾ? ಮಗು ಎರಡು ಸಲ ಸೀನಿದರೆ ಸಾಕು, ಹರಕೆ ನೆನಪಾಗುತ್ತಿತ್ತು. ಆದರೂ, ಬಾಣಂತನದ ತಿಂಗಳುಗಳು ಮುಗಿದ ಮೇಲೂ ಮುಂದೆ ಹಾಕುತ್ತಲೇ ಬಂದೆ. ಕಾರಣ ಯಾರ ಹತ್ತಿರವೂ ಹೇಳಿರಲಿಲ್ಲ. ಇವತ್ತು ನಿಮ್ಮ ಹತ್ತಿರ ಹೇಳುತ್ತೇನೆ.

ಐದು ತಿಂಗಳ ಹಿಂದೆ ಕುಂದಾಪುರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರಿಗೆ ಕೈಗುಣ ಇದೆ ಅಂತ ಊರೆಲ್ಲ ಹೇಳುತ್ತದೆ. ಸುಳ್ಳಲ್ಲ, ನಮ್ಮ ಮನೆಯವರ ಕೆಮ್ಮು ಎರಡೇ ದಿನಕ್ಕೆ ನಿಂತದ್ದು ಅವರ ಔಷಧಿಯಲ್ಲೇ.

ನನಗೆ ಹೇಳಲಿಕ್ಕೆ ಎರಡು ಸಂಗತಿ ಇತ್ತು. ಒಂದು ಮೊಣಕಾಲು ನೋವು. ಇನ್ನೊಂದು, ನಾಲ್ಕು ಜನರ ಎದುರು ಹೇಳುವಂಥದ್ದಲ್ಲ. ಹೆಂಗಸರಿಗೆ ಗೊತ್ತಾಗುತ್ತದೆ, ಹೇಳಬಾರದ ಜಾಗದ ತುರಿಕೆ. ಅದರ ಜೊತೆಗೆ ಎಷ್ಟು ಕುಡಿದರೂ ಹೋಗದ ಬಾಯಾರಿಕೆ. ನಮ್ಮೂರು ಹೆಮ್ಮಾಡಿಯಿಂದ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ. ಮೊದಲು ಮೊಣಕಾಲು ಹೇಳುವುದು, ಆಮೇಲೆ ಮೆಲ್ಲಗೆ ಅದನ್ನು. ನಾವೆಲ್ಲ ಹೀಗೇ ಅಲ್ಲವಾ? ಸಸಾರದ್ದು ಮೊದಲು, ಕಷ್ಟದ್ದು ಎದ್ದು ಬರುವ ಹೊತ್ತಿಗೆ.

ಹೋದ ಕೂಡಲೇ ತೂಕದ ಮೆಷಿನ್ನು. (ಹತ್ತುವ ಮೊದಲು ಕೈಬಳೆ ತೆಗೆದು ಪರ್ಸಿಗೆ ಹಾಕಿದ್ದೆ. ನೀವು ಚಪ್ಪಲಿ ಮಾತ್ರ ಬಿಡುತ್ತೀರಾ? ನಿಮ್ಮ ಧೈರ್ಯ ದೊಡ್ಡದು.) ನರ್ಸ್ ಹುಡುಗಿ ಬಸ್ಸಿನ ಕಂಡಕ್ಟರ್ ಹಾಗೆ ಕೂಗಿ ಹೇಳಿದಳು, "ಎಂಬತ್ತೈದು."

ಡಾಕ್ಟರು ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಮ್ಮ, ಮನೆಯಲ್ಲಿ ಬೇರೆಯವರಿಗೆ ಏನಾದರೂ ಊಟ ಉಳಿಯುತ್ತಾ, ಇಲ್ಲ ಎಲ್ಲ ನೀವೇ ಮುಗಿಸ್ತೀರಾ?"

ನರ್ಸ್ ನಕ್ಕಳು. ಪರದೆಯ ಆಚೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ನಾನು ಎಂತ ಮಾಡಿದೆ ಹೇಳಿ? ನಾನೂ ನಕ್ಕೆ.

ಮೊಣಕಾಲಿಗೆ ಮಾತ್ರೆ ಬರೆದರು. ಬರೆಯುತ್ತಾ, ಚೀಟಿಯಿಂದ ಕಣ್ಣು ತೆಗೆಯದೆ, "ಇನ್ನೇನಾದರೂ ಇದೆಯಾ?" ಅಂದರು.

"ಇಲ್ಲ" ಅಂದೆ.

ಮೂವತ್ತು ವರ್ಷದಿಂದ ನನ್ನ ಮನೆಯಲ್ಲಿ ಕೊನೆಗೆ ಉಣ್ಣುವವಳು ನಾನು. ಎಲ್ಲರಿಗೂ ಬಡಿಸಿ, ಮೀನಿನ ತುಂಡು ಅವರವರ ತಟ್ಟೆಗೆ ಹೋದ ಮೇಲೆ, ಉಳಿದ ರಸಕ್ಕೆ ಅನ್ನ ಕಲಸಿಕೊಳ್ಳುವವಳು. ಅಂಥವಳಿಗೆ ಈ ಪ್ರಶ್ನೆ. ಬಸ್ಸಿನಲ್ಲಿ ವಾಪಸ್ ಬರುವಾಗ ಸೀಟಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಜಾಗ ಸಾಲದು ಅಂತಲೇ ಕೂರಲಿಲ್ಲ ಅಂತ ಅನ್ನಿಸಿತು. (ಬಸ್ಸು ಅರ್ಧ ಖಾಲಿ ಇತ್ತು. ಆ ದಿನ ಅದು ಕಾಣಲಿಲ್ಲ.)

ಆಮೇಲೆ ತೂಕದ ಸುದ್ದಿಯೇ ಬೇಡ ಅಂತಾಯಿತು. ಕ್ಲಿನಿಕ್ಕೂ ಬೇಡ, ತುಲಾಭಾರವೂ ಬೇಡ. ಊರವರ ಎದುರು ತಕ್ಕಡಿಯಲ್ಲಿ ಕೂರುವುದು ಹೇಗೆ? ಒಂದೊಂದೇ ಅಚ್ಚು ಇಡುವುದನ್ನು ಮಕ್ಕಳೆಲ್ಲ ಗಟ್ಟಿಯಾಗಿ ಎಣಿಸುತ್ತಾರೆ. ಸ್ವಲ್ಪ ಇಳಿಸಿಕೊಂಡು ಹರಕೆ ತೀರಿಸುವ ಅಂದುಕೊಂಡೆ. ಯೋಚಿಸಿ ನೋಡಿ. ಎರಡು ಜೀವ ಉಳಿಸಿಕೊಟ್ಟ ದೇವಿಯ ಹತ್ತಿರ ಚೌಕಾಸಿ!

ಇಳಿಸಿಕೊಂಡೆನಾ? ರಾತ್ರಿಯ ಊಟ ಮೂರು ದಿನ ಬಿಟ್ಟೆ. ನಾಲ್ಕನೆಯ ದಿನ ಗಂಜಿ ಎರಡು ಸೌಟು ಹೆಚ್ಚೇ ಉಂಡೆ. ಹಸಿವೆ ತಡೆಯಲಿಕ್ಕೆ ಆಗುತ್ತಿರಲಿಲ್ಲ. ಆದರೂ ತಿಂಗಳು ಎರಡು ಕಳೆಯುವಾಗ ರವಿಕೆ ಸಡಿಲವಾಯಿತು. ಬೆರಳಿನ ಉಂಗುರ ಪಾತ್ರೆ ತೊಳೆಯುವಾಗ ಜಾರಿತು. ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, "ಎಂತದ್ ಅಮ್ಮ, ಸಪೂರ ಆಯ್ರಿ. ಮಗ್ಳ್ ಕಂಡಂಗೇ ಕಾಣ್ತ್ರಿ" ಅಂದಳು. ಆ ದಿನ ಚೌಕಾಸಿ ಮಾಡದೆ ಬಂಗುಡೆ ತೆಗೆದುಕೊಂಡೆ.

ಸಂಜೆ ದೀಪ ಹಚ್ಚಿದ ಮೇಲೆ ದಿನದ ಮೂರು ದಯೆ ಲೆಕ್ಕ ಹಾಕಿ ಕೈಮುಗಿಯುವುದು ನನ್ನ ಅಭ್ಯಾಸ. ಈ ಅಂಕಣ ಓದುವವರಿಗೆ ಇದು ಗೊತ್ತಿರುವುದೇ. ಬಾವಿಯ ಪಂಪು ಕೈಕೊಡಲಿಲ್ಲ, ಒಂದು ದಯೆ. ಮಗಳ ಫೋನು ಬಂತು, ಇನ್ನೊಂದು. ಆ ದಿನಗಳಲ್ಲಿ ಮೂರನೆಯದು ಯಾವಾಗಲೂ ಒಂದೇ: ರವಿಕೆ ಸಡಿಲವಾಗಿದೆ, ಅಮ್ಮಾ, ನಿನ್ನ ದಯೆ.

ಬಾಯಾರಿಕೆಯನ್ನು ಸೆಕೆಯ ಲೆಕ್ಕಕ್ಕೆ ಹಾಕಿದೆ. ಬಟ್ಟೆ ಒಣಗಿಸಲು ಹೋದವಳು ಹಗ್ಗದ ಕೆಳಗೇ ಕೂತುಬಿಟ್ಟದ್ದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದೆ. ತುರಿಕೆಯನ್ನು ಯಾವ ಲೆಕ್ಕಕ್ಕೂ ಹಾಕಲಿಲ್ಲ. ಅದನ್ನು ನೆನೆಸಿದರೆ ನರ್ಸ್ ಹುಡುಗಿಯ ನಗು ಕೇಳುತ್ತಿತ್ತು.

ಮೊಮ್ಮಗಳ ಹುಟ್ಟುಹಬ್ಬ ಹತ್ತಿರ ಬಂತು. ವರ್ಷ ತುಂಬುವುದರೊಳಗೆ ಹರಕೆ ತೀರಬೇಕು, ಇನ್ನು ಜಾರಿಕೊಳ್ಳಲಿಕ್ಕೆ ದಾರಿ ಇಲ್ಲ. ಬೆಲ್ಲ ಎಷ್ಟು ಬೇಕು ಅಂತ ಅಂಗಡಿಯಿಂದ ಕೇಳಿ ಕಳಿಸಿದರು. ಅಕ್ಕಿ ಚೀಲ ತೂಗುವ ಮೆಷಿನ್ನಿನ ಮೇಲೆ ಪೇಟೆಯ ನಡುವೆ ನಾನು ಹತ್ತುವುದಾ? ಕ್ಲಿನಿಕ್ಕಿನ ಹಳೆಯ ಚೀಟಿ ನೋಡಿ "85" ಅಂತ ಬರೆದುಕೊಟ್ಟೆ. ಹೆಚ್ಚಾದರೂ ಅಡ್ಡಿಯಿಲ್ಲ, ದೇವರಿಗೆ ಕಡಿಮೆ ಆಗಬಾರದು.

ಹಾಗೆ ಉಳಿದದ್ದು ಈ ಹನ್ನೊಂದು.

ದೇವಸ್ಥಾನದಲ್ಲಿ ಎಲ್ಲರೂ ಹೊಗಳುತ್ತಿದ್ದಾಗ ನಗದೇ ಇದ್ದವರು ಒಬ್ಬರೇ. ನಮ್ಮವರ ಅಕ್ಕ, ನನ್ನ ಅತ್ತಿಗೆ. ಅಮಾಸೆಬೈಲಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಊಟಕ್ಕೆ ಮೊದಲು ಕೈ ತೊಳೆಯುವ ನಳ್ಳಿಯ ಹತ್ತಿರ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಹೆಣೆ, ಎಂತ ಮಾಡ್ದೆ ನೀ ತೂಕ ಇಳುಕೆ?"

"ಎಂತದೂ ಮಾಡ್ಲಿಲ್ಲೆ ಅತ್ಗೆ. ದೇವಿ ದಯೆ."

"ಊಟ ಬಿಟ್ಟಿದ್ಯಾ?"

"ಇಲ್ಲೆ. ಹಸಿವ್ ಜಾಸ್ತಿಯೇ ಆತಿತ್ತ್."

ಅತ್ತಿಗೆ ಗೋಣಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ಬೆಲ್ಲ ಇತ್ತ್ ಇಲ್ಲೇ. ನೀ ಎಲ್ಲಿಗ್ ಹೋದೆ?"

ನಾನು ನಗಾಡಲು ನೋಡಿದೆ. ಅವರು ಬಿಡಲಿಲ್ಲ. "ನಮ್ ಹಟ್ಟಿ ದನ ಹುಲ್ ತಿಂದೂ ಸಪೂರ ಆರೆ ನಾ ಡಾಕ್ಟ್ರನ್ನ ಕರಿತೆ. ನೀ ಸಪೂರ ಆರೆ ಕೈ ಮುಗುದಾ? ಮತ್ತೆಂತ ಆತಿತ್ತ್ ನಿಂಗೆ? ಹೇಳ್."

ಹೇಳಿದೆ. ಬಾಯಾರಿಕೆ, ಸುಸ್ತು, ಅದು, ಎಲ್ಲ. ನಳ್ಳಿಯ ನೀರು ಸುರಿಯುತ್ತಲೇ ಇತ್ತು, ಇಬ್ಬರಿಗೂ ನಿಲ್ಲಿಸಬೇಕು ಅಂತ ತೋಚಲಿಲ್ಲ. ಕ್ಲಿನಿಕ್ಕಿನ ಮಾತೂ ಹೇಳಿದೆ.

ಅತ್ತಿಗೆ ಕೈ ಚಾಚಿ ನಳ್ಳಿ ನಿಲ್ಲಿಸಿದರು. ಆಮೇಲೆ ಹೇಳಿದರು, "ಅವ್ರ್ ನಗಾಡಿದ್ ಒಂದ್ ಗಳಿಗೆ. ನೀ ಹೊತ್ಕಂಡ್ ತಿರ್ಗಿದ್ದ್ ಐದ್ ತಿಂಗ್ಳ್. ನಾಳೆ ಹೋಪ. ನಾನೂ ಬತ್ತೆ."

ಆ ದಿನ ಎಲೆಯ ಮೇಲೆ ಪಾಯಸ ಬಡಿಸಿದರು. ನಾನು ಮುಟ್ಟಲಿಲ್ಲ. ಸಡಿಲ ರವಿಕೆಗೆ ಮೂರು ತಿಂಗಳು ಕೈಮುಗಿದದ್ದೇ ಕಣ್ಣೆದುರು ಬರುತ್ತಿತ್ತು. ಕಾಯಿಲೆಗೆ ದೀಪ ಹಚ್ಚಿದೆನಾ? ದೇವಿ ತಟ್ಟೆ ಎತ್ತಿ ತೋರಿಸಿದರೂ ನನಗೆ ಅರ್ಥವಾಗದೆ ಹೋಯಿತಾ?

ಬೇರೆ ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಎಂಬತ್ತೈದು ಅಂತ ಬರೆದಿಟ್ಟದ್ದು ಇದೇ ಕ್ಲಿನಿಕ್ಕಿನಲ್ಲಿ. ಇಳಿದದ್ದು ನಿಜವಾ ಅಂತ ಅದೇ ಮೆಷಿನ್ನು ಹೇಳಬೇಕು. ಮರುದಿನ ಅಲ್ಲಿಗೇ ಹೋದೆವು. ಈ ಸಲ ಬಳೆ ತೆಗೆಯಲಿಲ್ಲ.

"ಎಪ್ಪತ್ತನಾಲ್ಕು" ಅಂದಳು ಅದೇ ಹುಡುಗಿ, ಅದೇ ದನಿಯಲ್ಲಿ. ದೇವಿಯ ತಕ್ಕಡಿಯೂ ಕ್ಲಿನಿಕ್ಕಿನ ಮೆಷಿನ್ನೂ ಒಂದೇ ಮಾತು ಹೇಳಿದವು.

ಡಾಕ್ಟರು ಹಳೆಯ ಚೀಟಿ ನೋಡಿ ಮುಖ ಅರಳಿಸಿದರು. "ವೆರಿ ಗುಡ್. ಕಂಡಿರಾ, ಮನಸ್ಸು ಮಾಡಿದರೆ ಆಗುತ್ತೆ."

ಹೊಗಳಿಕೆ! ಐದು ತಿಂಗಳಿಂದ ಈ ಮನುಷ್ಯನ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳಬೇಕು ಅಂತ ಒಳಗೊಳಗೇ ಆಸೆ ಇತ್ತು ಅಂತ ನನಗೆ ಗೊತ್ತಾದದ್ದು ಆಗಲೇ. ಒಂದು ಕ್ಷಣ ಅದನ್ನು ತೆಗೆದುಕೊಂಡು ಎದ್ದುಬಿಡುವ ಅನ್ನಿಸಿತು. ಪಕ್ಕದ ಕುರ್ಚಿಯಲ್ಲಿ ಕೂತ ಅತ್ತಿಗೆ ಕಾಲಿನಿಂದ ನನ್ನ ಕಾಲು ಒತ್ತಿದರು.

"ನಾನು ಎಂತದೂ ಮಾಡ್ಲಿಲ್ಲ ಡಾಕ್ಟ್ರೇ" ಅಂದೆ.

ಅವರ ಪೆನ್ನು ನಿಂತಿತು.

ಈ ಸಲ ಕಷ್ಟದ್ದನ್ನು ಮೊದಲು ಹೇಳಿದೆ. ನಾಚಿಕೆಗೆ ಕಿವಿ ಬಿಸಿಯಾಗಿತ್ತು, ಆದರೂ ಹೇಳಿ ಮುಗಿಸಿದೆ. ಅವರು ನರ್ಸಿಗೆ ಬಾಗಿಲು ಹಾಕಲು ಹೇಳಿದರು. ಬೆರಳು ಚುಚ್ಚಿ ಸಣ್ಣ ಮೆಷಿನ್ನಿನಲ್ಲಿ ನೋಡಿದರು. ಸಕ್ಕರೆ ಮುನ್ನೂರರ ಮೇಲೆ. ಕಾಲಿನ ಬೆರಳ ಸಂದು ನೋಡಿದರು. ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನಿಂಗ್ ಅಂತ ಬರೆದರು. "ಇಷ್ಟು ಇಳಿಯಲಿಕ್ಕೆ ಸಕ್ಕರೆ ಒಂದೇ ಕಾರಣವಾ ಅಂತ ನೋಡಬೇಕು" ಅಂದರು. ಆ "ಒಂದೇ" ಅನ್ನುವುದು ಆ ದಿನದಿಂದ ನನ್ನ ಜೊತೆಗೇ ಇದೆ, ಒಲೆಯ ಹತ್ತಿರವೂ, ದೇವರ ಕೋಣೆಯಲ್ಲೂ.

ಆಮೇಲೆ ಕೇಳಿದರು, "ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ?"

"ಮನೆಯಲ್ಲಿ ಊಟ ಉಳಿಯುತ್ತಾ ಅಂತ ಕೇಳಿದ್ರಿ. ಮತ್ತೆ ಹೇಳಲಿಕ್ಕೆ ಆಗಲಿಲ್ಲ."

"ಅಯ್ಯೋ, ಅದು ತಮಾಷೆಗೆ ಹೇಳಿದ್ದಮ್ಮ."

"ಗೊತ್ತು ಡಾಕ್ಟ್ರೇ. ನಾನೂ ನಗಾಡಿದ್ದೆ."

ಅವರು ಮತ್ತೆ ಚೀಟಿಗೆ ಬಗ್ಗಿದರು. ಕ್ಷಮೆ ಕೇಳಲಿಲ್ಲ, ನಾನೂ ಅದಕ್ಕೆ ಕಾಯುತ್ತಿರಲಿಲ್ಲ. ಚೀಟಿ ಬರೆದು ಮುಗಿಸಿ, ಪೆನ್ನು ಕೆಳಗಿಟ್ಟು, "ಇನ್ನೇನಾದರೂ ಇದೆಯಾ?" ಅಂದರು. ಈ ಸಲ ನನ್ನ ಮುಖ ನೋಡಿ ಕೇಳಿದರು.

ನನ್ನ ತೂಕ ಹೆಚ್ಚಿದ್ದು ಸುಳ್ಳಲ್ಲ. ಡಾಕ್ಟರು ಅದನ್ನು ಹೇಳಬಾರದು ಅಂತಲೂ ನಾನು ಹೇಳುವುದಿಲ್ಲ. ಹೇಳಲಿಕ್ಕೇ ಅಲ್ಲವಾ ಅವರು ಅಷ್ಟು ಓದಿದ್ದು? ಆದರೆ ಒಂದು ನಗೆಮಾತಿಗೆ ಎಷ್ಟು ಬಾಯಿ ಮುಚ್ಚುತ್ತದೆ ಅಂತ ಯಾವ ಮೆಷಿನ್ನೂ ತೋರಿಸುವುದಿಲ್ಲ. ನಗಾಡಿ ಎದ್ದು ಹೋದ ಪೇಶಂಟಿಗೆ ನೋವಾಗಲಿಲ್ಲ ಅಂತಲೇ ಅವರು ತಿಳಿದುಕೊಳ್ಳುತ್ತಾರೆ. ನಾವಾದರೂ ಹೇಳಬೇಕಲ್ಲ? ಅಲ್ಲೇ ಹೇಳಲಿಕ್ಕೆ ಆಗದಿದ್ದರೆ, ನಿಮ್ಮ ಕಾಲು ಒತ್ತುವ ಒಬ್ಬರನ್ನು ಕರೆದುಕೊಂಡು ಮತ್ತೆ ಹೋಗಿ. ನನಗೆ ಅತ್ತಿಗೆ ಸಿಕ್ಕಿದರು, ದೊಡ್ಡ ದಯೆ.

ಇದನ್ನು ಬರೆಯುವಾಗ ರಿಪೋರ್ಟ್ ಬಂದಿಲ್ಲ. ನಾಳೆ ಸಂಜೆ ಅಂದಿದ್ದಾರೆ. ಫೋನು ಗುಂಯ್ ಅಂದರೆ ಕೈಯಲ್ಲಿದ್ದ ಸೌಟು ಬಿಟ್ಟು ಓಡುತ್ತೇನೆ. ಅತ್ತಿಗೆ ಐದು ಅಚ್ಚು ಬೆಲ್ಲ ಅಮಾಸೆಬೈಲಿಗೆ ಕೊಂಡುಹೋದರು. ("ಉಳ್ದದ್ ಮನೆಗೆ" ಅಂತ ಭಟ್ರೇ ಹೇಳಿದ್ದು, ದೇವರ ಪಾಲು ದೇವರಿಗೆ ಸಂದಿದೆ.) ಆರು ಅಡುಗೆ ಕೋಣೆಯ ಮೂಲೆಯಲ್ಲಿವೆ. ತಿನ್ನುವ ಹಾಗಿಲ್ಲ. ಯಾರಿಗಾದರೂ ಕೊಟ್ಟುಬಿಡು ಅಂತಾರೆ ನಮ್ಮವರು. ಇರಲಿ ಅಂದಿದ್ದೇನೆ, ನಾಳೆಯವರೆಗೆ.

ನಿನ್ನೆ ದೀಪ ಹಚ್ಚಿದ ಮೇಲೆ ಲೆಕ್ಕ ಹಾಕಲು ಕೂತೆ. ಅತ್ತಿಗೆ ಕೇಳಿದರು, ಒಂದು. ನಾನು ಹೇಳಿದೆ, ಎರಡು. ಮೂರನೆಯದಕ್ಕೆ ಬೆರಳು ಮಡಚಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿದರೆ ಅರ್ಧ ಖಾಲಿ ಬಸ್ಸು, ಪರ್ಸಿನೊಳಗೆ ಬಳೆ, ಬಾಯಲ್ಲಿ "ಇಲ್ಲ" ಅನ್ನುವ ಆ ಒಂದು ಮಾತು.

ಡಾಕ್ಟರ ಹತ್ತಿರ ಹೇಳದೆ ವಾಪಸ್ ತಂದದ್ದು ನಿಮ್ಮ ಮನೆಯಲ್ಲಿ ಎಷ್ಟು ದಿನದಿಂದ ಇದೆ?