ವೈನಿಯ ಅರವತ್ತು ಮತ್ತು ಕರಾಚಿಯ ಹೂವು

ಕರಾಚಿಯ ಹೂವಿಗೆ ಗಂಧ ಹಚ್ಚಿದವನು ನಾನೇ. ದೇವರ ಮೈಮೇಲೆ ಇಡುವ ಹೂವಿಗೆ ಬರೀ ನೀರು ಹಚ್ಚಬೇಕು, ಅದು ತಾನಾಗಿ ಬೀಳಬೇಕು, ಮೊದಲು ಬಿದ್ದದ್ದೇ ದೇವರ ಮಾತು — ಇದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ನಾನು ಒಂದು ಹೂವಿಗೆ ನೀರು ಹಚ್ಚಿದೆ, ಇನ್ನೊಂದಕ್ಕೆ ಅಂಟಿ ನಿಲ್ಲಲೆಂದು ಬೆರಳ ತುದಿಯಷ್ಟು ಗಂಧ. ನನ್ನನ್ನು ಸಣ್ಣ ಕೂಸಿನಿಂದ ಬೆಳೆಸಿದ ವೈನಿಯ ಎದುರಿಗೇ ಹಚ್ಚಿದೆ. ಅವಳು ಆಗ ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

ಯಾಕೆ ಹಚ್ಚಿದೆ? ಇದನ್ನು ಬರೆಯಲು ಕೂತದ್ದೇ ಆ ಪ್ರಶ್ನೆಗಾಗಿ. ಕೂತಾಗಿನಿಂದ ಒಂದೊಂದು ಸಲ ಒಂದೊಂದು ಉತ್ತರ ಬರುತ್ತಿದೆ. ಬಂದ ಉತ್ತರ ಮರುದಿನ ಓದಿದರೆ ಸುಳ್ಳೆನಿಸುತ್ತದೆ. ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಇರಲಿ, ನಡೆದದ್ದನ್ನಾದರೂ ನೆಟ್ಟಗೆ ಹೇಳುತ್ತೇನೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಗೌರಮ್ಮ. ಬಸವಕಲ್ಯಾಣದ ಹುಡುಗಿ. ಹುಮನಾಬಾದಿನ ನಮ್ಮ ಮನೆಗೆ ಮದುವೆಯಾಗಿ ಬಂದಾಗ ಅವಳೇ ಇನ್ನೂ ಚಿಕ್ಕವಳು. ನಮ್ಮ ಅವ್ವ ನಾನು ಹುಟ್ಟಿದ ಮೇಲೆ ಬಹಳ ದಿನ ಉಳಿಯಲಿಲ್ಲವಂತೆ, ನನಗೆ ಗೊತ್ತಿರುವ ತಾಯಿ ಎಂದರೆ ವೈನಿಯೇ. ಅವಳಿಗೆ ಮಕ್ಕಳಾಗಲಿಲ್ಲ. ಅಣ್ಣನೂ ಬೇಗ ತೀರಿಕೊಂಡ. ಅವಳು ತೌರಿಗೆ ಹೋಗಲಿಲ್ಲ. ನನ್ನನ್ನು ಓದಿಸಿದಳು, ಬಟ್ಟೆ ಅಂಗಡಿಯಲ್ಲಿ ಕೂರಿಸಿದಳು, ನೀಲಮ್ಮನನ್ನು ತಂದು ಮದುವೆ ಮಾಡಿದಳು, ನಮ್ಮ ಮಗಳು ಮಂಗಲಾಗೆ ಎಣ್ಣೆ ಹಚ್ಚಿ ನೀರು ಎರೆದಳು.

ತನ್ನ ಹುಟ್ಟಿದ ತಾರೀಖು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ದುಂದುಭಿ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಸಂವತ್ಸರ ತಿರುಗಿ ಬರುತ್ತದಲ್ಲ, ಹಾಗೆ ೧೯೮೨ರ ಯುಗಾದಿಗೆ ಪಂಚಾಂಗದಲ್ಲಿ ದುಂದುಭಿ ಎಂದು ಕಂಡಾಗ ನನಗೆ ಥಟ್ಟನೆ ಹೊಳೆಯಿತು: ವೈನಿಗೆ ಅರವತ್ತು ತುಂಬುತ್ತದೆ. ಬೇರೆಯವರಾಗಿದ್ದರೆ ಹೋಳಿಗೆ ಮಾಡಿಸಿ ಓಣಿಗೆಲ್ಲ ಊಟ ಹಾಕುತ್ತಿದ್ದರು. ನನಗೆ ಅದು ಸಾಲಲಿಲ್ಲ. ಆಗ ನಮ್ಮ ಸೀಮೆಯ ಹುಡುಗರು ಗಲ್ಫಿಗೆ ಹೋಗಿ ಬಂದು ಹೆಗಲ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಬಜಾರಿನಲ್ಲಿ ತಿರುಗುತ್ತಿದ್ದರು. ಎಲ್ಲರ ಬಾಯಲ್ಲೂ ಫಾರಿನ್, ಫಾರಿನ್. ಅಂಗಡಿಗೆ ಅರಿವೆ ತರಲು ಸೋಲಾಪುರ, ಹೈದರಾಬಾದು ದಾಟದ ನಾನು ವೈನಿಯನ್ನು ಪರದೇಶಕ್ಕೆ ಕರೆದುಕೊಂಡು ಹೋಗುತ್ತೇನೆಂದು ಸಾರಿಬಿಟ್ಟೆ. ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಮೈದುನ ಇದ್ದರೆ ಹೀಗಿರಬೇಕು ಎಂದು ನಾಲ್ಕು ಜನ ಅನ್ನಲಿ ಎಂಬ ಆಸೆ ಅದಕ್ಕಿಂತ ಕಡಿಮೆ ಇರಲಿಲ್ಲ.

ಎಲ್ಲಿಗೆ ಹೋಗುವುದು ಎಂಬ ಮಾತು ಎದ್ದದ್ದು ಒಂದು ಮಧ್ಯಾಹ್ನ ಊಟವಾದ ಮೇಲೆ. ನೀಲಮ್ಮ ಸಿಂಗಾಪುರ ಅಂದಳು, ಅಲ್ಲಿಯ ಸೀರೆಗಳು ಅವಳ ಕನಸಿಗೆ ಬರುತ್ತಿದ್ದವು. ಮಂಗಲಾ ಸಿಲೋನ್ ಅಂದಳು. ನಾನು ನೇಪಾಳ ಅಂದೆ: ಪಶುಪತಿನಾಥನ ದರ್ಶನವೂ ಆಯಿತು, ಪಾಸ್‌ಪೋರ್ಟಿನ ಕಾಟವೂ ಇಲ್ಲ, ಆದರೂ ಫಾರಿನ್ನೇ. ವೈನಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು. ತಲೆ ಎತ್ತದೆ ಕೇಳಿದಳು, “ಪರದೇಶ ಅಂದ್ರ ಕರಾಚಿನೂ ಪರದೇಶನ ಅಲ್ಲೇನು, ತಮ್ಮಾ?”

ನೀಲಮ್ಮ ನಕ್ಕಳು. ನಾನು, “ವೈನಿ, ಚ್ಯಾಷ್ಟಿ ಮಾಡಬ್ಯಾಡ” ಅಂದೆ.

“ಚ್ಯಾಷ್ಟಿ ಯಾಕ ಮಾಡಲಿ? ಅಲ್ಲಿ ರುಕಿಯಾ ಅದಾಳ. ಎಲ್ಲಿಗೆ ಹೋಗ್ತಿ ಅಂತ ನೀ ಕೇಳಿದಿ, ನಾ ಹೇಳಿದೆ.”

ರುಕಿಯಾ ಯಾರೆಂದು ಹೇಳಬೇಕು. ಬಸವಕಲ್ಯಾಣದಲ್ಲಿ ವೈನಿಯ ತೌರುಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಬಳೆಗಾರರದು. ಆ ಮನೆಯ ಮಗಳು ರುಕಿಯಾ. ಇಬ್ಬರೂ ಒಂದೇ ಅಂಗಳದಲ್ಲಿ ಆಡಿ ಬೆಳೆದವರು. ೧೯೫೬ರಲ್ಲಿ, ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ರುಕಿಯಾ ಗಂಡನ ಹಿಂದೆ ಕರಾಚಿಗೆ ಹೊರಟಳು. ವೈನಿಯನ್ನು ಭೆಟ್ಟಿ ಮಾಡಿಸಲು ನಾನೇ ಕರೆದುಕೊಂಡು ಹೋಗಿದ್ದೆ. ಒಳಗೋಣೆಯ ಬಾಗಿಲಲ್ಲಿ ನಿಂತಿದ್ದೆ. ರುಕಿಯಾ ಹಸಿರು ಬಳೆ ತೆಗೆದು, “ಗೌರಿ, ಕೈ ಚಾಚು” ಅಂದಳು.

“ನಾ ಬಳಿ ಇಟ್ಕೋಬಾರದು, ರುಕಿಯಾ.”

“ನನ್ನ ಮನ್ಯಾಗ ಇಟ್ಕೋಬಹುದು.”

ವೈನಿ ಕೈ ಚಾಚಿದಳು. ಅಣ್ಣ ಹೋದ ಮೇಲೆ ಅವಳ ಮುಂಗೈಯಲ್ಲಿ ಬಳೆ ಕಂಡದ್ದು ಅದೇ ಮೊದಲು. ಹೊರಡುವಾಗ ರುಕಿಯಾ ಅವಳ ಕೈ ಬಿಡದೆ, “ಒಂದ ಸಲ ಬಾ. ಎಷ್ಟ ವರ್ಷ ಆದ್ರೂ ನಡೀತದ, ಖರೇನ ಬಾ” ಅಂದಳು. ವೈನಿ “ಬರ್ತೀನಿ” ಅಂದಳು. ಬಸ್ಸು ಹುಮನಾಬಾದಿನ ಹತ್ತಿರ ಬಂದಾಗ ಒಂದೊಂದೇ ಬಳೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ಕಿಟಕಿಯ ಆಚೆ ನೋಡುತ್ತಿದ್ದವನ ಹಾಗೆ ಕೂತೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ರುಕಿಯಾಳ ಹೆಸರು ಬರದ ದಿನವಿರಲಿಲ್ಲ. ರೊಟ್ಟಿ ಸೀದರೆ, ನೀಲಮ್ಮ ಮುನಿಸಿಕೊಂಡರೆ, ನಾನು ಹೊಸ ಅಂಗಿ ತೊಟ್ಟರೆ — “ರುಕಿಯಾ ಇದ್ದಿದ್ರ ಇದಕ್ಕ ಏನ ಅಂತಿದ್ಳು ಗೊತ್ತೇನು?” ಎಂದು ಶುರು ಮಾಡಿ ತಾನೇ ನಗುತ್ತಿದ್ದಳು. ನಾವು ಅದನ್ನೂ ಆಡಿಕೊಂಡು ನಗುತ್ತಿದ್ದೆವು. ಅವಳು ನಿಜವಾಗಿಯೂ ಹೋಗುವ ಆಸೆ ಇಟ್ಟುಕೊಂಡಿದ್ದಾಳೆಂದು ನನಗೆ ಅನಿಸಿರಲೇ ಇಲ್ಲ.

ಕರಾಚಿ ಅಂದಾಗ ನನಗೆ ಮೊದಲು ಬಂದದ್ದು ಭಯ. ಮಂಗಲಾಳ ಸಂಬಂಧ ಹಳ್ಳಿಖೇಡದ ಒಂದು ಕಬ್ಬಿನ ಮನೆತನದೊಂದಿಗೆ ಮಾತಿನಲ್ಲಿತ್ತು. ಪಾಕಿಸ್ತಾನಕ್ಕೆ ಯಾಕೆ ಎಂದು ಪೊಲೀಸರು ವಿಚಾರಿಸಲು ಮನೆಗೆ ಬಂದರೆ ಬೀಗರು ಏನಂದಾರು, ಬಜಾರು ಏನಂದೀತು... ಇದು ನನ್ನ ಮೊದಲ ಉತ್ತರ, ಕೆಲವು ವರ್ಷ ಇದನ್ನೇ ನಂಬಿದ್ದೆ. ಮಂಗಲಾಳ ಮದುವೆಯಾದ ಮೇಲೆ ಒಂದು ದಿನ ಬೀಗರ ಎದುರು ಹಗುರವಾಗಿ ಹೇಳಿ ನೋಡಿದೆ, ನಮ್ಮ ವೈನಿ ಕರಾಚಿಗೆ ಹೋಗತೀನಿ ಅಂದಿದ್ದಳು ಎಂದು. ಅವರು ಚಹಾ ಕಪ್ಪಿನಿಂದ ಬಸಿಗೆ ಸುರಿದುಕೊಂಡು, “ಹೋಗಬೇಕಿತ್ತಲ್ರಿ. ಅದರಾಗ ಏನದ?” ಅಂದರು. ನನ್ನ ಮೊದಲ ಉತ್ತರ ಅಲ್ಲಿಗೆ ಮುಗಿಯಿತು.

ಹಾಗಾದರೆ ಎರಡನೆಯದು? ಬರೆಯಲು ಕೈ ಬರುವುದಿಲ್ಲ, ಆದರೂ — ನನಗೆ ಹೊಟ್ಟೆಕಿಚ್ಚಾಗಿತ್ತು. ಜೀವಮಾನದಲ್ಲಿ ಒಮ್ಮೆ ಅವಳಿಗೆ ದೊಡ್ಡದೇನಾದರೂ ಕೊಡಬೇಕೆಂದು ನಾನು ಎದ್ದು ನಿಂತರೆ, ಅವಳು ಕೇಳಿದ್ದು ರುಕಿಯಾಳನ್ನು. ನಲವತ್ತೊಂಬತ್ತರ ಗಂಡಸು, ಮದುವೆಗೆ ಬಂದ ಮಗಳಿದ್ದವನು, ಅವ್ವನ ಸೆರಗು ಯಾರೋ ಜಗ್ಗಿದರೆಂದು ಮುಖ ಊದಿಸಿದ ಹಾಗೆ... ಇದೇ ಇರಬೇಕು ನಿಜ. ಅಥವಾ ಇದೂ ಅಲ್ಲವೋ? ಭಯಕ್ಕಿಂತ ಹೊಟ್ಟೆಕಿಚ್ಚು ಕೇಳಲು ಸ್ವಲ್ಪ ಚಂದವಾಗಿರುತ್ತದೆಂದು ಈಗ ಇದನ್ನು ಆರಿಸಿಕೊಂಡೆನೋ, ನನಗೇ ತಿಳಿಯದು.

ಎರಡು ದಿನ ನಾನು ಸಿಡಿಮಿಡಿ ಮಾಡಿದೆ. ಮೂರನೆಯ ದಿನ ವೈನಿಯೇ ಅಂದಳು, “ನಿನ್ನ ಮಾರಿ ಯಾಕ ಹಿಂಗ ಆಗೇದ? ಹೂವ ಹಚ್ಚಿ ಕೇಳೂಣು. ಅಂವ ಹ್ಯಾಂಗ ಅಂತಾನ ಹಾಂಗ.”

ನಮ್ಮ ದೇವರ ಜಗುಲಿಯ ಮೇಲೆ ಬೆಳ್ಳಿಯ ವೀರಭದ್ರ ಇದ್ದಾನೆ. ಮನೆಯಲ್ಲಿ ಒಮ್ಮತ ಬರದಿದ್ದರೆ ಅವನ ಎರಡು ಭುಜಕ್ಕೆ ಎರಡು ಹೂವು ಹಚ್ಚುತ್ತೇವೆ. ಹೂವು ಅಂದರೂ ಒಂದೊಂದು ಎಸಳು, ನೀರಲ್ಲಿ ಅದ್ದಿದ್ದು. ನೀರು ಆರುತ್ತ ಯಾವುದು ಮೊದಲು ಉದುರುತ್ತದೋ ಅದು ಅಪ್ಪಣೆ. ಹಚ್ಚುವವನು ಮನೆಯ ಹಿರಿಯ ಗಂಡಸು, ಕೇಳುವವರು ಯಾರ ಕೆಲಸವೋ ಅವರು. ನನ್ನ ಅಂಗಡಿಯ ಜಾಗ, ನೀಲಮ್ಮನ ಸಂಬಂಧ, ಬಾವಿ ತೋಡುವುದು, ಎಲ್ಲ ಹೀಗೇ ಆದದ್ದು. ಅದರ ಮೇಲೆ ಯಾರೂ ಎರಡು ಮಾತು ಆಡುವುದಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ ಕೂತೆವು. ಬಲಭುಜ ನೇಪಾಳ, ಎಡಭುಜ ಕರಾಚಿ ಎಂದು ವೈನಿಯೇ ಹೇಳಿದಳು. “ಅಪ್ಪಾ, ನಾ ಎತ್ತಾಗ ಹೋಗಲಿ ಹೇಳು” ಎಂದು ಕಣ್ಣು ಮುಚ್ಚಿದಳು. ಬಲಕ್ಕೆ ಹಚ್ಚಿದೆ. ಎಡದ ಎಸಳು ಕೈಯಲ್ಲಿ ಹಿಡಿದಾಗ ಬೆರಳು ಗಂಧದ ಬಟ್ಟಲಿಗೆ ಹೋಯಿತು. ಹೋಯಿತು ಎಂದು ಬರೆದೆ, ನೋಡಿ. ಬೆರಳು ತಾನಾಗಿ ಹೋಗುವುದಿಲ್ಲ. ನಾನು ಒಯ್ದೆ.

ನೇಪಾಳದ ಎಸಳು ಸ್ವಲ್ಪ ಹೊತ್ತಿಗೆ ಬಿತ್ತು. ನೀಲಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ನಾನು ಏಳಲು ಹೋದೆ. ವೈನಿ, “ತಡಿ, ಅದೂ ಬೀಳಲಿ” ಅಂದಳು. ಅದು ಬೀಳಲಿಲ್ಲ. ಸಂಜೆ ದೀಪ ಹಚ್ಚಲು ಬಂದಾಗಲೂ ಅಲ್ಲೇ ಇತ್ತು. ವೈನಿ ಅದನ್ನು ನೋಡುತ್ತ ನಿಂತು, “ಎಷ್ಟ ಗಟ್ಟಿ ಹಿಡದಾನ ನೋಡು. ಅಷ್ಟ ಬ್ಯಾಡ ಅನಿಸೇದ ಅವನಿಗಿ” ಅಂದಳು. ನೇಪಾಳ ಬೇಕು ಎಂದಷ್ಟೇ ದೇವರ ಬಾಯಿಂದ ಹೇಳಿಸಲು ನಾನು ಹೊರಟಿದ್ದೆ. ಅವಳಿಗೆ ಕೇಳಿಸಿದ್ದು, ರುಕಿಯಾ ಬೇಡ ಎಂದು.

ಬೆಳಗಾಗುವ ಮೊದಲೇ ಗಂಧ ಒರೆಸಬೇಕೆಂದುಕೊಂಡು ಎದ್ದರೆ, ವೈನಿ ನನಗಿಂತ ಮೊದಲು ಎದ್ದು ದೇವರನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನನ್ನ ಕಡೆಗೆ ಬೆನ್ನು. “ಎದ್ದೇನು ತಮ್ಮಾ? ಚಾ ಇಡ್ತೀನಿ” ಅಂದಳು. ಒಣಗಿದ ಗಂಧ ಉಗುರಿನಿಂದ ಕೆರೆಯದೆ ಹೋಗುವುದಿಲ್ಲ. ಅವಳು ಕೆರೆದಿರಲೇಬೇಕು. ದೇವರ ಹಣೆಯ ಗಂಧ ಭುಜಕ್ಕೆ ಇಳಿದಿದೆ ಅಂದುಕೊಂಡಳೋ, ಅಥವಾ — ಆ ದಿನದಿಂದ ಅವಳ ಮುಖ ನೋಡುತ್ತಲೇ ಇದ್ದೇನೆ. ಒಂದು ದಿನ ಗೊತ್ತಿದೆ ಅನಿಸುತ್ತದೆ, ಮರುದಿನ ಇಲ್ಲ ಅನಿಸುತ್ತದೆ. ಗೊತ್ತಿಲ್ಲದಿದ್ದರೆ ದೇವರೇ ತನ್ನ ಗೆಳತಿಯನ್ನು ಬೇಡ ಅಂದನೆಂದು ನಂಬಿ ಕೂತಿದ್ದಾಳೆ. ಗೊತ್ತಿದ್ದರೆ ನನ್ನ ಮರ್ಯಾದೆ ಉಳಿಸಲು ಸುಮ್ಮನಿದ್ದಾಳೆ. ಯಾವುದು ಹೆಚ್ಚು ಕೆಟ್ಟದ್ದು?

ಕಠ್ಮಂಡುವಿಗೆ ಹೋದೆವು. ಚಳಿಗೆ ವೈನಿ ಸೀರೆಯ ಮೇಲೆ ನನ್ನ ಕೋಟು ಹಾಕಿಕೊಂಡು ತಿರುಗಿದಳು, ದರ್ಶನ ಚೆನ್ನಾಗಿ ಆಯಿತು, ಫೋಟೋ ತೆಗೆಸಿದೆವು. ಆ ಫೋಟೋ ಅಂಗಡಿಯಲ್ಲಿ ಹಾಕಿದ್ದೇನೆ. ಗಿರಾಕಿಗಳು ಕೇಳದಿದ್ದರೂ ತೋರಿಸುತ್ತಿದ್ದೆ. ಒಂದು ಸಂಜೆ ವಸತಿಗೃಹದ ಮಾಳಿಗೆಯ ಮೇಲೆ ನಿಂತು ಅವಳು ಕೇಳಿದಳು, “ಇಲ್ಲಿಂದ ಕರಾಚಿ ಸಮೀಪ ಆಗ್ತದೇನು?”

“ಇಲ್ಲ ವೈನಿ. ಇನ್ನೂ ದೂರ.”

“ಹಾಂಗಾದ್ರ ನಾವು ದೂರಾನ ಬಂದೀವಿ” ಅಂದಳು.

ಊರಿಗೆ ಮರಳಿದ ಮೇಲೆ ಕರಾಚಿಯ ಮಾತಿಲ್ಲ, ರುಕಿಯಾಳ ಹೆಸರೂ ಇಲ್ಲ. ರೊಟ್ಟಿ ಸೀದರೆ ಸೀದಿತು, ಅಷ್ಟೇ. ಮೊದಮೊದಲು ನನಗೆ ಇದು ತಿಳಿಯಲೂ ಇಲ್ಲ. ಮನೆ ಯಾಕೋ ಬಣಬಣ ಅನ್ನುತ್ತದಲ್ಲ ಎಂದು ನೀಲಮ್ಮ ಅಂದಾಗ, ಮಂಗಲಾ ಗಂಡನ ಮನೆಗೆ ಹೋದಳಲ್ಲ ಅದಕ್ಕೆ ಅಂದೆ. ವೀಸಾ ಕೇಳಿ ನೋಡಬಹುದಿತ್ತು. ಸಿಗುತ್ತಿತ್ತೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ. ಕಚೇರಿಯವರು ಇಲ್ಲ ಅಂದಿದ್ದರೆ ಅವರನ್ನು ಬೈದು, ಮರುವರ್ಷ ಮತ್ತೆ ಕೇಳುತ್ತಿದ್ದಳು. ದೇವರು ಇಲ್ಲ ಅಂದರೆ ಯಾರನ್ನು ಬೈಯಬೇಕು?

ಈಗ ಆರು ವರ್ಷವಾಗಿದೆ. ಎರಡು ತಿಂಗಳ ಹಿಂದೆ ಬಸವಕಲ್ಯಾಣದಿಂದ ರುಕಿಯಾಳ ಅಣ್ಣನ ಮಗ ಮದುವೆಯ ಬಟ್ಟೆಗೆಂದು ಅಂಗಡಿಗೆ ಬಂದ. ಮಾತು ಮಾತಲ್ಲಿ ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. “ಫುಪ್ಪಿ ಚಳಿಗಾಲದಾಗ ತೀರ್ಕೊಂಡ್ರರಿ, ಕಾಕಾ” ಅಂದ. “ಕೊನಿಕೊನಿಗೆ ಒಂದೇ ಮಾತಂತ್ರಿ. ಗೌರಿ ಬರ್ತೀನಿ ಅಂದಾಳ, ಹಾಸಿಗಿ ತಗದ ಇಡ್ರಿ ಅಂತ.” ನಾನು ಅಳೆಯುತ್ತಿದ್ದ ಬಟ್ಟೆಯ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಅಳೆದೆ. ರಾತ್ರಿ ಊಟಕ್ಕೆ ಕೂತಾಗ ವೈನಿ ಕೇಳಿದಳು, “ಇವತ್ತ ಯಾರ್ಯಾರ ಬಂದಿದ್ರು?” ಯಾರೂ ಇಲ್ಲ ಅಂದೆ. ಹೀಗೆ ಒಂದು ಸುಳ್ಳಿನ ಮೇಲೆ ಇನ್ನೊಂದು ಸೇರಿತು.

ಅವಳ ಕ್ಷಮೆ ಕೇಳುವುದಿಲ್ಲ. ಕೇಳಿದರೆ ತಕ್ಷಣ ಕೊಟ್ಟುಬಿಡುತ್ತಾಳೆ, ಸಣ್ಣವನಿದ್ದಾಗ ಬೆಲ್ಲ ಕೊಟ್ಟ ಹಾಗೆ. ಅದು ನನಗೆ ಬೇಡ. ಅಂಗಡಿ ಇವತ್ತು ತೆರೆದಿಲ್ಲ. ಅವಳು ಒಳಗೆ ಕೂತು ನೀಲಮ್ಮನೊಂದಿಗೆ ಏನೋ ಮಾತಾಡುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ಈ ಕಾಗದ ಮಡಚಿಟ್ಟು ಹೋಗಿ ಅವಳ ಎದುರು ಕೂರುತ್ತೇನೆ. “ಬ್ಯಾಡ ಅಂದಾಂವ ದೇವರಲ್ಲ ವೈನಿ, ನಾನು” ಅನ್ನುತ್ತೇನೆ. ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಆದರೆ ಅವಳು, “ಹಾಂಗಾದ್ರ ಈಗರೆ ಹೋಗೂಣೇನು?” ಎಂದು ಕೇಳಿದರೆ, ಅದಕ್ಕೂ ನಾನೇ ಉತ್ತರ ಹೇಳಬೇಕು. ಹೇಳುತ್ತೇನೆ.