ಪೆಂಗೆಲಿಯ ನರಿಬೋನು

ಮರ್ರೆ ನದಿಯ ದಂಡೆಯ ಎರಿಕ್ ಪೆಂಗೆಲಿ ನಂಬುವುದು ಕೋಳಿಗಳನ್ನು ಮಾತ್ರ, ಅವುಗಳಲ್ಲೂ ಮೊಟ್ಟೆಯಿಡುವವನ್ನು. ಅಂಚೆಯವನು ಬಂದರೆ ಪರದೆಯ ಸಂದಿಯಲ್ಲಿ ಇಣುಕಿ, ಅವನ ಬೆನ್ನು ಕಂಡಮೇಲೆ ಕಾಗದ ತೆಗೆದುಕೊಳ್ಳುತ್ತಾನೆ. ನರಿ ಒಂದೇ ರಾತ್ರಿಯಲ್ಲಿ ಒಂಬತ್ತು ಕೋಳಿಗಳನ್ನು ಕೊಂದಾಗ, ಉಳಿದ ಐದನ್ನು ಕಾಯಲು ತಾನೇ ಬೋನು ಕಟ್ಟಿದ. ಅಂಗಡಿಯವನು ಮೋಸ ಮಾಡಿರಬಹುದೆಂದು ತಂತಿಬಲೆಯನ್ನು ಗೇಣುಗೇಣಿಗೂ ಜಗ್ಗಿ ನೋಡಿದ. ಮನುಷ್ಯರ ವಾಸನೆ ನರಿಗೆ ಹತ್ತದಿರಲೆಂದು ಬೋನಿಗೆಲ್ಲ ಕೋಳಿಹಿಕ್ಕೆ ಬಳಿದ. ಹೆಂಡತಿ ಮೇವಿಸ್ ಹತ್ತಿರ ಬಂದರೆ, "ಸೋಪು ಹಾಕ್ಕೊಂಡಿದ್ದೀಯಾ? ದೂರ ನಿಲ್ಲು!" ಎಂದು ಗದರಿದ. "ನಿನ್ನ ನಾತಕ್ಕೆ ನರಿಗಿಂತ ಮೊದ್ಲು ನಾನೇ ಓಡ್ತೀನಿ," ಎಂದಳು ಅವಳು. ನರಿಗೆ ಬೋನು ರೂಢಿಯಾಗಲೆಂದು ಬಾಗಿಲನ್ನು ಮೇಲೆತ್ತಿ, ಬೀಳದಂತೆ ತಂತಿಯಿಂದ ಬಿಗಿದು, ಒಂದು ವಾರ ಒಳಗೆ ಮಾಂಸವಿಟ್ಟ. ಎಂಟನೆಯ ದಿನ, ನರಿ ಮಾಂಸ ಎಳೆದೊಡನೆ ಬಾಗಿಲು ಬೀಳಲೆಂದು ತಂತಿ ಬಿಚ್ಚಿ ಬಂದೆನೆಂದ. ಮರುಬೆಳಿಗ್ಗೆ ಮಾಂಸವೂ ಇರಲಿಲ್ಲ, ನರಿಯೂ ಇರಲಿಲ್ಲ; ಬಾಗಿಲು ಬಿಗಿದಂತೆಯೇ ಮೇಲಿತ್ತು. "ಇದು ಪಕ್ಕದ ಲಿಂಡ್ನರನದೇ ಕೆಲ್ಸ! ತನ್ನ ನಾಯಿ ಸಿಕ್ಕಿಬೀಳುತ್ತೆ ಅಂತ ಮತ್ತೆ ಕಟ್ಟಿದ್ದಾನೆ!" ಎಂದು ಹಾರಾಡಿದ. ಮೇವಿಸ್ ಗಂಟಿನತ್ತ ಬೆರಳು ತೋರಿಸಿದಳು. ತಂತಿಯನ್ನು ಎಡಕ್ಕೆ ಹೊಸೆಯಲಾಗಿತ್ತು. ಸುತ್ತಮುತ್ತ ಎಡಚನೆಂದರೆ ಪೆಂಗೆಲಿಯೊಬ್ಬನೇ. ಅವನು ತನ್ನ ಕೈಯನ್ನು ಯಾರದೋ ಕೈ ಎಂಬಂತೆ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಮೇವಿಸ್, ಒಂಬತ್ತು ಕೋಳಿ ಸತ್ತ ರಾತ್ರಿ ಗೂಡಿನ ಚಿಲಕ ಹಾಕಿದ್ನಾ ನಾನು?" ಅವಳು ತಂತಿ ಬಿಚ್ಚುತ್ತ ಹೇಳಿದಳು: "ಇನ್ಮೇಲೆ ದಿನಾ ನಾನೂ ಒಂದ್ಸಲ ನೋಡ್ತೀನಿ ಬಿಡು."